ಮಶೀನು ಇಲ್ಲದ ಮಧ್ಯಾಹ್ನ

ದೆವ್ವ, ಶಕುನ, ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವನು ನಾನು. ಪೀಣ್ಯದಲ್ಲಿ ಲೇತ್ ಮುಂದೆ ಹದಿನೆಂಟು ವರ್ಷ ನಿಂತವನಿಗೆ ಅಳತೆಗೆ ಸಿಗದ್ದನ್ನು ನಂಬುವ ಅಭ್ಯಾಸವಿಲ್ಲ. ಆದರೂ ಮೂರು ವರ್ಷದ ಹಿಂದಿನ ಒಂದು ಮಧ್ಯಾಹ್ನ ನನ್ನನ್ನು ಬಿಟ್ಟಿಲ್ಲ.

ನನ್ನ ಮಗಳು ಸಿಂಚನಾಗೆ ಹುಟ್ಟಿನಿಂದಲೇ ಎರಡೂ ಕಿವಿ ಕೇಳಿಸದು. ಎರಡೂವರೆ ವರ್ಷವಿದ್ದಾಗ ಆಪರೇಷನ್ ಮಾಡಿ ಬಲಗಿವಿಯ ಒಳಗೆ, ಶಬ್ದವನ್ನು ನರಕ್ಕೆ ಮುಟ್ಟಿಸುವ ಕಾಕ್ಲಿಯರ್ ಇಂಪ್ಲಾಂಟ್ ಕೂರಿಸಿದರು. ಹೊರಗೆ ಕಿವಿಯ ಹಿಂದೆ ಒಂದು ಮಶೀನು, ಅದರ ತಂತಿಯ ತುದಿಯಲ್ಲಿ ಅಯಸ್ಕಾಂತದ ಬಿಲ್ಲೆ. ಬಿಲ್ಲೆ ತಲೆಗೆ ಅಂಟಿದ್ದರೆ ಕೇಳುತ್ತದೆ, ತೆಗೆದರೆ ಏನೂ ಇಲ್ಲ. ಎದ್ದಾಗಿನಿಂದ ಮಲಗುವವರೆಗೂ ಅದು ಇರಲೇಬೇಕು ಎಂದು ಮಾತು ಕಲಿಸುವ ಮೇಡಂ ಹೇಳಿದ್ದನ್ನು ಗಟ್ಟಿಯಾಗಿ ಹಿಡಿದಿದ್ದೆ. ಜ್ವರ, ಕಿವಿನೋವು ಬಂದರೆ ಅಂದೇ ಕರೆತನ್ನಿ ಎಂದು ಡಾಕ್ಟರು ಹೇಳಿದ್ದನ್ನು ಮಾತ್ರ ಮರೆತುಬಿಟ್ಟಿದ್ದೆ.

ಅವಳಿಗೆ ಆರು ವರ್ಷವಿದ್ದಾಗ ಒಮ್ಮೆ ನೆಗಡಿಯಾಯಿತು. ಎರಡನೇ ದಿನದಿಂದ ಕಿವಿ ಮುಟ್ಟಿಕೊಂಡು ಅಳುತ್ತ ಬಿಲ್ಲೆಯನ್ನು ಕಿತ್ತು ಕಿತ್ತು ಎಸೆಯತೊಡಗಿದಳು. ನಾನು ಹಟವೆಂದುಕೊಂಡೆ. "ನೋವಿರ್ಬೋದು ಕಣ್ರೀ, ಬಿಟ್ಬಿಡಿ" ಎಂದು ಹೆಂಡತಿ ಗೀತಾ ಹೇಳಿದರೂ ಕೇಳದೆ ಮತ್ತೆ ಮತ್ತೆ ಅಂಟಿಸಿದೆ. ಮೂರನೇ ದಿನ ಕೈಮೇಲೆ ಹೊಡೆದೆ. ಮರುದಿನ ಬೆಳಗ್ಗೆ ನೋಡಿದರೆ ಕಿವಿಯ ಹಿಂದೆ ಕೆಂಪಗೆ ಊದಿ, ಕಿವಿಯೇ ಮುಂದಕ್ಕೆ ಬಾಗಿತ್ತು. ಚಿಕ್ಕಬಾಣಾವರದ ಮನೆಯಿಂದ ಆಟೊ ಹಿಡಿದು ಆಸ್ಪತ್ರೆಗೆ ಓಡಿದೆವು.

"ಕಿವಿ ಮುಟ್ಕೊಂಡು ಅತ್ತ ದಿನಾನೇ ಬರ್ಬೇಕಿತ್ತು. ಸೋಂಕು ಒಳಗಿರೋ ಇಂಪ್ಲಾಂಟಿಗೆ ಹತ್ತಿದ್ರೆ ಅದನ್ನೇ ತೆಗೀಬೇಕಾಗತ್ತೆ" ಎಂದರು ಡಾಕ್ಟರು. ಅವಳು ಕಲಿತಿದ್ದ ಒಂದೊಂದು ಮಾತೂ ನನ್ನ ಕಣ್ಣಮುಂದೆ ಬಂತು.

ಆ ಮಧ್ಯಾಹ್ನ ಡ್ರಿಪ್ ಏರುತ್ತಿತ್ತು. ಮಗು ಗೋಡೆಯ ಕಡೆ ತಿರುಗಿ ಮಲಗಿತ್ತು. ಮಶೀನು ಡಬ್ಬಿಯಲ್ಲಿ, ಡಬ್ಬಿ ಗೀತಾಳ ಬ್ಯಾಗಿನಲ್ಲಿ, ಗೀತಾ ಕೆಳಗೆ ಔಷಧಿ ಅಂಗಡಿಯಲ್ಲಿ. ಕೇಳಿಸದೆಂಬ ಧೈರ್ಯದಲ್ಲೇ ಅವಳ ಬೆನ್ನಿಗೆ ಮೆಲ್ಲಗೆ ಹೇಳಿದೆ, "ಹೊಡ್ದಿದ್ದು ತಪ್ಪಾಯ್ತು ಪುಟ್ಟಿ. ಕೈ ನೋಯ್ತಿದ್ಯಾ?"

ಅವಳು ತಿರುಗಲಿಲ್ಲ. "ಕೈ ನೋಯ್ತಿಲ್ಲ ಅಪ್ಪ" ಎಂದಳು. "ಕಿವೀನೇ."

ಎದ್ದು ಸುತ್ತ ನೋಡಿದೆ. ತುಟಿ ನೋಡಿ ತಿಳಿಯಲು ಎದುರಿಗೆ ಗಾಜಿರಲಿಲ್ಲ, ಬರೀ ಗೋಡೆ. ಮಂಚವನ್ನೂ ನಾನು ಮುಟ್ಟಿರಲಿಲ್ಲ. ಇನ್ನೊಮ್ಮೆ ಕರೆದೆ. ಉತ್ತರವಿಲ್ಲ.

ವಾರದ ಮೇಲೆ ಊತ ಇಳಿಯಿತು, ಇಂಪ್ಲಾಂಟ್ ಉಳಿಯಿತು. ಡಾಕ್ಟರಿಗೆ ಆ ಮಧ್ಯಾಹ್ನದ್ದನ್ನು ಹೇಳಿದಾಗ, ಮಶೀನಿಲ್ಲದೆ ಪಕ್ಕದಲ್ಲಿ ಪಟಾಕಿ ಹೊಡೆದರೂ ಅವಳಿಗೆ ಕೇಳಿಸದು, ನಿದ್ದೆಗೆಟ್ಟು ನಿಮಗೇ ಹಾಗನಿಸಿರಬೇಕು ಎಂದು ನಕ್ಕರು. ಇರಬಹುದು. ಮನೆಗೆ ಬಂದ ಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಮಶೀನು ತೆಗೆದಾಗಲೆಲ್ಲ ಅವಳ ಬೆನ್ನ ಹಿಂದೆ ನಿಂತು ಕರೆದು ಪರೀಕ್ಷೆ ಮಾಡಿದ್ದೇನೆ. ಒಮ್ಮೆಯೂ ತಿರುಗಿಲ್ಲ. ಅವಳನ್ನೇ ಕೇಳಿದರೆ ಆಸ್ಪತ್ರೆಯಲ್ಲಿ ಕೊಟ್ಟ ಬಿಸ್ಕತ್ತು ಬಿಟ್ಟು ಬೇರೇನೂ ನೆನಪಿಲ್ಲ ಅನ್ನುತ್ತಾಳೆ.

ಅದು ಹೇಗಾಯಿತೋ ನನಗೆ ಇವತ್ತಿಗೂ ತಿಳಿಯದು. ನನ್ನ ಸಂಕಟ ಬೇರೆಯೇ ಇದೆ. ಅದಕ್ಕೂ ಮೊದಲಿನ ದಿನಗಳಲ್ಲಿ, ರಾತ್ರಿ ಮಶೀನು ಡಬ್ಬಿಗೆ ಹೋದ ಮೇಲೆ ಅವಳ ಎದುರಿಗೇ ನಾವು ಏನೇನೋ ಮಾತಾಡಿಕೊಳ್ಳುತ್ತಿದ್ದೆವು. ಒಂದು ದಿನ ದಣಿದು ಬಂದು, "ಇವ್ಳೊಬ್ಳು ಹುಟ್ದೇ ಇದ್ದಿದ್ರೆ ನಾವೂ ಎಲ್ಲರ ಥರ ನೆಮ್ಮದಿಯಾಗಿ ಇರ್ತಿದ್ವಿ" ಎಂದು ಗೀತಾಳಿಗೆ ಹೇಳಿದ್ದೆ.

ಆಗ ಸಿಂಚನಾ ನನ್ನ ಮೊಣಕಾಲಿಗೆ ಒರಗಿಕೊಂಡು ಬಣ್ಣ ಹಚ್ಚುತ್ತಿದ್ದಳು. ತಲೆ ಎತ್ತಿರಲಿಲ್ಲ. ಕೇಳಿಸಲಿಲ್ಲವೆಂದೇ ನಾನು ಅಂದುಕೊಂಡಿದ್ದೆ.