ಬೀರುವಿನಲ್ಲಿ ಇಲ್ಲದ ಬಾಲ್

"ಇಪ್ಪತ್ತೈದು ವರ್ಷದಿಂದ ಬ್ಯಾಸ್ಕೆಟ್‌ಬಾಲ್ ಅಂದ್ರೆ ನಂಜನಗೂಡು ಕಾಲೇಜು ಕಣ್ಲಾ!" ಎಂದು ಮಾದಪ್ಪ ಟೇಬಲ್ ಗುದ್ದಿದ ರಭಸಕ್ಕೆ ನನ್ನ ಕಾಫಿ ಅರ್ಧ ಚೆಲ್ಲಿತು.

ಕಳೆದ ಭಾನುವಾರ ನಂಜನಗೂಡಿನ ನಮ್ಮ ಹಳೇ ಕಾಲೇಜಿನಲ್ಲಿ ಆಟಗಾರರೆಲ್ಲ ಸೇರಿದ್ದೆವು. ಟಿ. ನರಸೀಪುರದ ಕಾಲೇಜಿನ ಹಳೇ ಹುಡುಗರನ್ನೂ ಕರೆದಿದ್ದರು. ಹುಡುಗರು ಅಂದೆನಲ್ಲ, ಎಲ್ಲರಿಗೂ ಹೊಟ್ಟೆ ಬಂದಿದೆ, ಅರ್ಧ ಜನಕ್ಕೆ ಕೂದಲಿಲ್ಲ.

ಹೆಂಗಸು ಅಂತ ಬಂದಿದ್ದವಳು ನಾನೊಬ್ಬಳೇ.

ಮಾದಪ್ಪ ನನಗಿಂತ ಎರಡು ವರ್ಷ ಸೀನಿಯರ್, ನಮ್ಮ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೂಡ. ಅವನ ಎದುರು ನರಸೀಪುರದ ಪುಟ್ಟರಾಜು ಬಿಡುವ ಆಸಾಮಿಯಲ್ಲ. "ಸುಮ್ನಿರಲಾ, ಯೂನಿವರ್ಸಿಟಿ ಟೀಮಿಗೆ ನಮ್ ಉಡುಗ್ರು ಓಗವ್ರೆ. ನಿಮ್ಮೋರ್ ಯಾರ್ ಓಗಿದ್ರು?"

ಎಷ್ಟು ಫೈನಲ್ ಗೆದ್ದರು ಅನ್ನುವುದು ಮುಖ್ಯವೋ, ಎಷ್ಟು ಜನ ಮೇಲಿನ ಟೀಮಿಗೆ ಹೋದರು ಅನ್ನುವುದೋ... ಒಂದು ಗಂಟೆ ಇದೇ ಆಯಿತು. ಕೊನೆಗೆ ಫೈನಲ್ ಗೆದ್ದದ್ದನ್ನೇ ಎಣಿಸೋಣ ಎಂದು ಒಪ್ಪಿದರು.

ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿ ಇದೆ. ಫೈನಲ್ ಗೆದ್ದ ಬಾಲ್‌ನಲ್ಲಿ ಮತ್ತೆ ಆಡುವಂತಿಲ್ಲ. ಆಡಿದವರ ಹೆಸರೆಲ್ಲ ಮಾರ್ಕರ್‌ನಲ್ಲಿ ಅದರ ಮೇಲೆ ಬರೆದು ಸ್ಪೋರ್ಟ್ಸ್ ರೂಮಿನ ಗಾಜಿನ ಬೀರುವಿನಲ್ಲಿ ಇಡಬೇಕು.

ಮಾದಪ್ಪ ಬೀರು ತೆಗೆಸಿ ಬಾಲ್ ಎಣಿಸಿದ. ಪುಟ್ಟರಾಜು ತಮ್ಮ ಶೀಲ್ಡ್‌ಗಳ ಫೋಟೋ ತೋರಿಸಿದ. ಎರಡೂ ಸಮ!

ಆಗ ನಾನು ಬಾಯಿಬಿಟ್ಟೆ. "ಹುಡುಗೀರ ಟೀಮೂ ಗೆದ್ದಿದೆಯಲ್ಲ. ನಾವು ಮೂರು ವರ್ಷ ಗೆದ್ವಿ, ಮೂರೂ ಸಲ ನರಸೀಪುರದ ಮೇಲೇ."

ಪುಟ್ಟರಾಜು ಪಕ್ಕದವನನ್ನು ಕೇಳಿದ, "ನಮ್ದೂ ಉಡ್ಗೀರ್ ಟೀಮ್ ಇತ್ತೇನ್ಲಾ?"

ಮಾದಪ್ಪ ಬೀರುವಿನೊಳಗೆ ಬಗ್ಗಿ ನೋಡಿದ. "ನಿಮ್ ಬಾಲ್ ಎಲ್ಲಮ್ಮ?" ಅವನು ಗೇಲಿ ಮಾಡಲಿಲ್ಲ, ನಿಜವಾಗಿಯೂ ಹುಡುಕುತ್ತಿದ್ದ. ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಹುಡುಗಿಯರು ಆಡುವ ಬಾಲ್ ಸ್ವಲ್ಪ ಚಿಕ್ಕದು. ಇಡೀ ಕಾಲೇಜಿಗೆ ಆ ಸೈಜಿನದು ಇದ್ದದ್ದು ಒಂದೇ. ಅದನ್ನು ಬೀರುವಿಗೆ ಇಟ್ಟರೆ ಮಾರನೇ ದಿನ ಪ್ರಾಕ್ಟೀಸ್ ಮಾಡುವುದು ಯಾವುದರಲ್ಲಿ?

ಹುಡುಗಿಯರ ಫೈನಲ್‌ಗೆ ಶೀಲ್ಡ್ ಕೊಡುತ್ತಿರಲಿಲ್ಲ. ಗೆದ್ದ ದಿನ ಐದೂ ಜನ ಬಾಲ್ ಮೇಲೆ ಹೆಸರು ಬರೆಯುತ್ತಿದ್ದೆವು. ಮಾರನೇ ಬೆಳಿಗ್ಗೆ ಅದೇ ಬಾಲ್ ಹಿಡಿದು ಸಿಮೆಂಟ್ ಕೋರ್ಟಿಗೆ ಇಳಿಯುತ್ತಿದ್ದೆವು. ವಾರದಲ್ಲಿ ಹೆಸರೆಲ್ಲ ಅಳಿಸಿಹೋಗುತ್ತಿತ್ತು. ಹೋದರೆ ಹೋಗಲಿ, ಮುಂದಿನ ವರ್ಷ ಮತ್ತೆ ಗೆದ್ದು ಬರೆಯೋಣ ಅಂತ ನಗುತ್ತಿದ್ದೆವು. ಎಂಥಾ ಜಂಬ ನೋಡಿ.

ಇದನ್ನೆಲ್ಲ ಹೇಳಿದೆ. ಪುಟ್ಟರಾಜು ಮಾತ್ರ ಜಗ್ಗಲಿಲ್ಲ. "ಪುರಾವೆ ಇಲ್ದೆ ನಾವ್ ಒಪ್ಪಕಿಲ್ಲ ಕಣಮ್ಮ."

"ಒಂದ್ ಫೋಟೋ ಇದ್ರೆ ಗ್ರೂಪಿಗೆ ಆಕಮ್ಮ," ಅಂದ ಮಾದಪ್ಪ. "ಬುಧವಾರ ಗೆದ್ದೋರ ಬೋರ್ಡ್ ಬರೆಸ್ತೀವಿ. ನಿಮ್ ಐದ್ ಜನದ್ದೂ ಎಸ್ರು ಸೇರುಸ್ಬುಡ್ತೀನಿ."

ಕೆಲಸದ ಮೇಲೆ ನಾನಿರುವುದು ನರಸೀಪುರದಲ್ಲಿ, ಒಂದು ಬಾಡಿಗೆ ಮನೆಯಲ್ಲಿ, ಒಬ್ಬಳೇ. ಬಸ್ ಇಳಿದವಳೇ ಟ್ರಂಕ್ ತೆಗೆದೆ. ಸೀರೆಗಳ ಅಡಿಯಲ್ಲಿ ಫೋಟೋ ಸಿಕ್ಕಿತು! ಐದು ಜನ, ಜೆರ್ಸಿ, ಚಡ್ಡಿ, ಮಧ್ಯದಲ್ಲಿ ಬಾಲ್ ಹಿಡಿದ ನಾನು. ಬಾಲ್ ಮೇಲಿನ ಹೆಸರುಗಳೂ ಕಾಣುತ್ತಿವೆ.

ಮೊಬೈಲಿಗೆ ಇಳಿಸಿಕೊಂಡೆ. ಹಾಕುವ ಮೊದಲು ಒಂದು ಮಾತು ಕೇಳೋಣ ಅಂತ ರತ್ನಳಿಗೆ ಫೋನ್ ಮಾಡಿದೆ. ನಮ್ಮ ಕ್ಯಾಪ್ಟನ್, ತಗಡೂರು ಕಡೆಯವಳು. ಇಲ್ಲಿ ಗೆಳತಿಯರ ಹೆಸರು ಬದಲಿಸಿದ್ದೇನೆ, ಯಾಕೆ ಅಂತ ಈಗ ಗೊತ್ತಾಗುತ್ತದೆ.

"ಬ್ಯಾಡ ಕಣಮ್ಮಿ. ಅಳಿಯ ಬಂದವ್ನೆ ಮನೆಗೆ. ಚಡ್ಡಿ ಆಕಿರೋ ಫೋಟೋ ನೋಡುದ್ರೆ ಏನಂದ್ಕತಾನೆ? ಬುಟ್ಬುಡು, ಯಾವ್ ಕಾಲದ್ದೋ ಅದು."

ತಲಕಾಡಿಗೆ ಮದುವೆಯಾಗಿ ಹೋದ ಶೋಭಾ ದನಿ ತಗ್ಗಿಸಿದಳು. "ನಾನ್ ಆಡ್ತಿದ್ದುದ್ದು ನಮ್ಮೆಜಮಾನ್ರಿಗೇ ಗೊತ್ತಿಲ್ಲ ಕಣೆ."

ಮೂರನೆಯವಳು ಫೋನ್ ಎತ್ತದೆ, ಯಾರು ನೀವು ಅಂತ ಮೆಸೇಜ್ ಹಾಕಿದಳು. ಹೆಸರು ಬರೆದು ಕಳಿಸಿದೆ, ಓದಿದ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ನಾಲ್ಕನೆಯವಳ ನಂಬರ್ ಯಾರ ಹತ್ತಿರವೂ ಇಲ್ಲ.

ಅವರ ಮೇಲೆ ಕೋಪ ಬಂತು ಅಂದರೆ ಸುಳ್ಳಾಗುತ್ತದೆ. ಅವರವರ ಮನೆ, ಅವರವರ ಕಷ್ಟ. ಆದರೆ ನನ್ನ ಬದುಕಿನಲ್ಲಿ ನಾನು ಅತಿ ಹೆಚ್ಚು ಖುಷಿಯಾಗಿದ್ದ ಮೂರು ವರ್ಷಗಳನ್ನು ಅವರು ಮುಚ್ಚಿಟ್ಟುಕೊಂಡು ಬದುಕುತ್ತಿದ್ದಾರೆ...

ಗಂಡಸರ ನಡುವೆ ಒಬ್ಬಳೇ ಕೂತಿದ್ದಾಗ ನನಗೆ ಒಂಟಿ ಅನ್ನಿಸಿರಲಿಲ್ಲ. ಈ ಫೋನ್‌ಗಳು ಮುಗಿದ ಮೇಲೆ ತುಂಬಾ ಅನ್ನಿಸಿತು.

ಇವತ್ತು ಮಂಗಳವಾರ. ಮಧ್ಯಾಹ್ನ ಮಾದಪ್ಪನ ಮೆಸೇಜ್ ಬಂತು. "ಅಮ್ಮ, ನಾಳೆ ಪೇಂಟರ್ ಬತ್ತಾನೆ. ಫೋಟೋ ಸಿಕ್ತಾ?"

ಇನ್ನೂ ಉತ್ತರ ಕೊಟ್ಟಿಲ್ಲ. ಮೊಬೈಲಿನಲ್ಲಿ ಫೋಟೋ ಕ್ರಾಪ್ ಮಾಡಿ ನೋಡುತ್ತಿದ್ದೇನೆ. ಬಲಗಡೆ ಇಬ್ಬರನ್ನು ತೆಗೆದೆ, ಎಡಗಡೆ ಇಬ್ಬರನ್ನು ತೆಗೆದೆ. ಎಷ್ಟು ಕತ್ತರಿಸಿದರೂ ನನ್ನ ಹೆಗಲ ಮೇಲಿರುವ ರತ್ನಳ ಕೈ ಹಾಗೇ ಉಳಿಯುತ್ತಿದೆ.

ನೀವೇ ಹೇಳಿ, ಐದು ಜನ ಗೆದ್ದ ಆಟಕ್ಕೆ ನನ್ನೊಬ್ಬಳ ಫೋಟೋ ಹಾಕಿದರೆ, ಅದನ್ನು ಟೀಮ್ ಅನ್ನಬಹುದಾ?