ಗುಂಡಿ ಅಂಗಡಿಯ ‘ಸಿಸ್ಟರ್’

ಪಕ್ಕದ ಚಪ್ಪಲಿ ಅಂಗಡಿಯವನು ಅಳತೆ ಟೇಪು ಹಿಡಿದು ಒಳಗೆ ಬಂದಾಗ ಗುಂಡಿಯಕ್ಕ ಏಣಿಯ ಮೇಲಿದ್ದಳು. ಕೋಟಿನ ಗುಂಡಿಗಳ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸುತ್ತಿದ್ದಳು. ಅವನು ಕೇಳಲಿಲ್ಲ, ಕೆಮ್ಮಲಿಲ್ಲ. ನೇರ ಗೋಡೆಯ ಹತ್ತಿರ ಹೋಗಿ ಟೇಪಿನ ಒಂದು ತುದಿ ಒತ್ತಿ ಹಿಡಿದ. ಇನ್ನೊಂದು ತುದಿ ಹಿಡಿಯಲು ಯಾರಾದರೂ ಸಿಗುತ್ತಾರೇನೋ ಎಂದು ಅತ್ತಿತ್ತ ನೋಡಿದ.

“ಏನು ಅಳೀತಿದ್ದೀರಿ?”

“ಈ ಗೋಡೆ ಒಡೆಸಿಬಿಡೋಣ ಅಂತ. ಎರಡೂ ಅಂಗಡಿ ಒಂದಾದ್ರೆ ಗಾಳಿ ಬೆಳಕು ಚೆನ್ನಾಗಿರುತ್ತೆ. ಮಕ್ಕಳ ಬೂಟೆಲ್ಲ ಈ ಕಡೆ ಜೋಡಿಸ್ತೀನಿ.”

“ಯಾರ ಅಂಗಡಿಗೆ ಯಾರು ಬೂಟು ಜೋಡಿಸೋದು?”

“ನಿಮ್ಮ ಮಾವ ಮಾತು ಕೊಟ್ಟಾಗಿದೆಯಲ್ಲ. ಹೇಗೂ ನೀವು ಹೊರಡೋರು ತಾನೆ, ಸಿಸ್ಟರ್.”

ಸಿಸ್ಟರ್. ಆ ಒಂದು ಮಾತಿಗೆ ಅವಳ ಕಿವಿ ಬಿಸಿಯಾಯಿತು. ಏಣಿಯಿಂದ ಇಳಿದು, ಟೇಪಿನ ತುದಿಯನ್ನು ಗೋಡೆಯಿಂದ ಕಿತ್ತು ಕೈಬಿಟ್ಟಳು. ಅದು ಸರ್ರನೆ ಹೋಗಿ ಅವನ ಬೆರಳಿಗೆ ಬಡಿಯಿತು. ಸಿಸ್ಟರುಗಳ ಮಠಕ್ಕೆ ಹೊರಟವಳಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ ಎಂದು ಗೊಣಗುತ್ತಾ ಅವನು ಹೋದ.

ಅಂಗಡಿ ಅವಳ ಸೋದರಮಾವನದು. ಗುಂಡಿ, ದಾರ, ಜಿಪ್ಪು, ಹುಕ್ಕು, ಲೇಸು, ಇಲಾಸ್ಟಿಕ್ಕು. ಶಾಲೆ ಮುಗಿದ ವರ್ಷ ಅಲ್ಲಿಗೆ ಬಂದವಳು ಅಲ್ಲೇ ಬೇರುಬಿಟ್ಟಿದ್ದಳು. ಮಾವನಿಗೆ ಮಕ್ಕಳಿಲ್ಲ, ಈಗ ಮಂಡಿಯೂ ಇಲ್ಲ ಎಂದೇ ಹೇಳಬೇಕು. ಮಧ್ಯಾಹ್ನ ಬಂದು ಕುರ್ಚಿಯಲ್ಲಿ ಕೂತು ಗಿರಾಕಿಗಳಿಗೆ ಹವಾಮಾನ ತಿಳಿಸಿ ಹೋಗುತ್ತಿದ್ದ. ಉಳಿದದ್ದೆಲ್ಲ ಅವಳ ತಲೆಯ ಮೇಲೆ. ಯಾವ ದರ್ಜಿ ಯಾವ ಕಂಪನಿಯ ದಾರಕ್ಕೆ ಮೂಗು ಮುರಿಯುತ್ತಾನೆ, ಯಾವ ತಾಯಿ ಆರು ತೂತಿನ ಅಂಗಿಗೆ ಹನ್ನೆರಡು ಗುಂಡಿ ಕೊಳ್ಳುತ್ತಾಳೆ, ಎಲ್ಲವೂ ಅವಳಿಗೆ ಗೊತ್ತು. ಒಂದು ದಿನ ಈ ಅಂಗಡಿ ತನ್ನದೆಂದು ಅವಳು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿದೆ ಎಂದೂ ಅನ್ನಿಸಿರಲಿಲ್ಲ.

ಆದರೆ ಊರವರಿಗೆ ಬೇರೆ ಲೆಕ್ಕವಿತ್ತು. ಹುಡುಗಿ ಬೂದು ಬಣ್ಣದ ಬಟ್ಟೆ ಬಿಟ್ಟು ಬೇರೆ ತೊಡುವುದಿಲ್ಲ. ಕಿವಿಯಲ್ಲಿ ಓಲೆ ಇಲ್ಲ. ದಿನಾ ಬೆಳಿಗ್ಗೆ ಚರ್ಚಿನ ಬಲಿಪೂಜೆಗೆ ತಪ್ಪುವುದಿಲ್ಲ. ಪ್ರತಿ ಶನಿವಾರ ಸಂಜೆ ಮಠದ ಬಾಗಿಲು ತಟ್ಟುತ್ತಾಳೆ. ಇನ್ನೇನು ಬೇಕು? ದೇವರು ಕರೆದಾಗಿದೆ, ಇವಳು ಗಂಟು ಕಟ್ಟುವುದೊಂದೇ ಬಾಕಿ.

ಬೂದು ಬಟ್ಟೆಯಲ್ಲಿ ದಾರದ ಜೂಲು ಕಾಣುವುದಿಲ್ಲ; ಗುಂಡಿ ಅಂಗಡಿಯಲ್ಲಿ ಕೂತು ಕಪ್ಪು ತೊಟ್ಟು ನೋಡಿದರೆ ಗೊತ್ತಾಗುತ್ತದೆ. ಕಿವಿ ಚಿಕ್ಕಂದಿನಲ್ಲಿ ಚುಚ್ಚಿಸಿದಾಗ ಕೀವಾಗಿತ್ತು. ಶನಿವಾರ ಮಠಕ್ಕೆ ಹೋಗುತ್ತಿದ್ದದ್ದು ಸರಕು ಮುಟ್ಟಿಸಲು. ಅಲ್ಲಿ ಹೊಲಿಗೆ ಕಲಿಸುವ ಸಿಸ್ಟರು ಒಳ್ಳೆಯ ಗಿರಾಕಿ. ಬಲಿಪೂಜೆ ಮಾತ್ರ ನಿಜ. ಮೇಣದ ವಾಸನೆಯ ಆ ತಣ್ಣನೆಯ ಅರ್ಧ ಗಂಟೆಯಲ್ಲಿ ಅವಳು ದೇವರ ಎದುರು ಸುಮ್ಮನೆ ಕೂರುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಬೇಡದ್ದನ್ನು ಕೊಳ್ಳಬಾರದೆಂಬುದು ಅವಳೇ ಹಾಕಿಕೊಂಡ ನಿಯಮ; ಬೇಕಾದದ್ದನ್ನೂ ಬಿಟ್ಟುಕೊಡುತ್ತೇನೆಂದು ಅವಳು ಎಲ್ಲೂ ಬರೆದುಕೊಟ್ಟಿರಲಿಲ್ಲ. ದೇವರ ಮೇಲೆ ನಂಬಿಕೆ, ಅಂಗಡಿಯ ಮೇಲೆ ಆಸೆ, ಎರಡೂ ಒಂದೇ ಎದೆಯಲ್ಲಿ ಜಗಳವಾಡದೆ ಇದ್ದವು.

ಅವತ್ತು ಅಂಗಡಿ ಮುಚ್ಚಿ ಮನೆಗೆ ಬಂದವಳೇ ಅಮ್ಮನ ಮುಂದೆ ನಿಂತಳು.

“ನಾನು ಮಠ ಸೇರ್ತೀನಿ ಅಂತ ಯಾರು ಹೇಳಿದ್ದು?”

ಅಮ್ಮ ಪಾತ್ರೆ ಒರೆಸುತ್ತಿದ್ದರು. “ಟೀಚರಮ್ಮ ಹೇಳಿದ್ರು. ನಾನು ಇಲ್ಲ ಅನ್ನಲಿಲ್ಲ ಅಷ್ಟೆ.”

“ಯಾಕೆ ಅನ್ನಲಿಲ್ಲ?”

“ನಿನ್ನ ಬಗ್ಗೆ ನಾಲ್ಕು ಜನ ಒಳ್ಳೆ ಮಾತಾಡ್ತಿದ್ರು, ನಡುವೆ ಬಾಯಿ ಹಾಕ್ಲಾ? ಮೊನ್ನೆ ಚರ್ಚಿನ ಮುಂದಿನ ಬೆಂಚಲ್ಲಿ ನನಗೆ ಜಾಗ ಬಿಟ್ಟುಕೊಟ್ರು ಕಣೇ.”

ಮಗಳನ್ನು ಬೆಂಚಿನ ಜಾಗಕ್ಕೆ ಮಾರಿದ ತಾಯಿಗೆ ಏನು ಹೇಳುವುದು? ಊಟ ಬಿಟ್ಟು ಟೀಚರಮ್ಮನ ಮನೆಗೆ ನಡೆದಳು. ಟೀಚರಮ್ಮ ಮಕ್ಕಳಿಗೆ ಧರ್ಮೋಪದೇಶ ಹೇಳುವವರು. ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆ ಬರೆಯುವವರೂ ಅವರೇ. ಯಾರು ಯಾವುದಕ್ಕೆ ಪ್ರಾರ್ಥಿಸಬೇಕೆಂಬುದು ವರ್ಷಗಳಿಂದ ಅವರ ಕೈಯಲ್ಲಿತ್ತು.

“ನಾನು ಎಲ್ಲೂ ಹೋಗ್ತಿಲ್ಲ ಟೀಚರ್. ದಯವಿಟ್ಟು ಎಲ್ಲರಿಗೂ ಹೇಳಿಬಿಡಿ.”

ಟೀಚರಮ್ಮ ಅವಳ ಗಲ್ಲ ಹಿಡಿದು ನಕ್ಕರು. “ನಿಜವಾಗಿ ಕರೆ ಬಂದವರು ಮೊದಲು ಬೇಡ ಅಂತಲೇ ಹೇಳೋದು. ಸಂತರೆಲ್ಲ ಹಾಗೇ.”

“ನಾನು ಸಂತಳಲ್ಲ. ನನಗೆ ಸಿಟ್ಟು ಬಂದಿದೆ.”

“ನೋಡು, ಎಷ್ಟು ವಿನಯ.”

ಇಂಥವರ ಹತ್ತಿರ ವ್ಯಾಪಾರ ಮಾಡುವುದು ಕಷ್ಟ. ಬೇಡ ಎಂದರೂ ಬೇಕು ಎಂದೇ ಕಟ್ಟಿಕೊಡುತ್ತಾರೆ. ಮರುದಿನ ಫಾದರ್ ಹತ್ತಿರ ಹೋದಳು. ಅವರು ಸಮಾಧಾನವಾಗಿ ಕೇಳಿ, ಕಣ್ಣು ಮುಚ್ಚಿ, “ಪ್ರಾರ್ಥಿಸೋಣ ಮಗಳೇ” ಎಂದರು. ಅವರು ಕಣ್ಣು ತೆರೆಯುವಷ್ಟರಲ್ಲಿ ಅವಳ ಸರದಿ ಮುಗಿದು, ಮುಂದೆ ಮದುವೆಯ ತಕರಾರಿನ ಮತ್ತೊಬ್ಬರು ಕೂತಿದ್ದರು. ಮಾವನಂತೂ ಮಂಡಿನೋವೆಂದು ವಾರವಿಡೀ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಮನೆಗೆ ಹೋದರೆ ಮಲಗಿದ್ದಾನೆಂದು ಅತ್ತೆ ಬಾಗಿಲಲ್ಲೇ ಹೇಳಿ ಕಳಿಸಿದಳು. ಒಳಗಿನಿಂದ ಅವನ ರೇಡಿಯೋ ಕೇಳುತ್ತಿತ್ತು.

ಭಾನುವಾರ ಚರ್ಚು ತುಂಬಿತ್ತು. ಟೀಚರಮ್ಮ ಮೈಕಿನ ಮುಂದೆ ಚೀಟಿ ಬಿಡಿಸಿ ಓದತೊಡಗಿದರು. ರೋಗಿಗಳಿಗಾಗಿ, ಪರೀಕ್ಷೆ ಬರೆಯುವವರಿಗಾಗಿ. ಪ್ರತಿ ಸಾಲಿಗೂ ಜನ ಒಂದೇ ಉಸಿರಿನಲ್ಲಿ, “ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ” ಎನ್ನುತ್ತಿದ್ದರು. ಆಮೇಲೆ ಬಂತು: “ಸಕಲವನ್ನೂ ತೊರೆದು ನಿಮ್ಮ ಸೇವೆಗೆ ಹೊರಟಿರುವ ನಮ್ಮ ಗುಂಡಿ ಅಂಗಡಿಯ ಸಹೋದರಿಗಾಗಿ ಪ್ರಾರ್ಥಿಸೋಣ.”

“ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ.”

ಅಮ್ಮನ ದನಿ ಎಲ್ಲರಿಗಿಂತ ಮೇಲಿತ್ತು. ಮೂರು ಬೆಂಚು ಹಿಂದೆ ಮಾವನ ಗೊಗ್ಗರು ದನಿಯೂ ಇತ್ತು. ಮಂಡಿನೋವು ಭಾನುವಾರಕ್ಕೆ ರಜೆ ಹಾಕಿತ್ತು. ತನ್ನ ಬಾಳನ್ನು ಇಡೀ ಸಭೆ ಹೀಗೆ ಕೈಯೆತ್ತಿ ದಾನ ಮಾಡುವುದನ್ನು ಕೇಳುತ್ತಾ ಕೂತವಳ ಬೆನ್ನು ಕಬ್ಬಿಣವಾಯಿತು.

ಆ ಚರ್ಚಿನಲ್ಲಿ ಒಂದು ರೂಢಿ. ಬರೆದ ಪ್ರಾರ್ಥನೆಗಳು ಮುಗಿದ ಮೇಲೆ, ಸ್ವಂತ ಕೋರಿಕೆ ಇದ್ದವರು ಮೈಕಿಗೆ ಬಂದು ಹೇಳಬಹುದು. ಸಾಮಾನ್ಯವಾಗಿ ಬೆನ್ನುನೋವಿನ ಮುದುಕರು, ಬೆಕ್ಕು ಕಳಕೊಂಡವರು ಬರುತ್ತಿದ್ದರು. ಅವತ್ತು ಅವಳು ಎದ್ದಳು. ಟೀಚರಮ್ಮ ಮಂದಹಾಸ ಬೀರಿ ಮೈಕು ಬಿಟ್ಟುಕೊಟ್ಟರು. ಎರಡನೇ ಸಾಲಿನಲ್ಲಿ ಯಾರೋ ಕರವಸ್ತ್ರ ತೆಗೆದರು.

“ಗುಂಡಿ ಅಂಗಡಿಯನ್ನ ಇಷ್ಟು ವರ್ಷ ನಡೆಸಿದ ಹುಡುಗಿಗೇ ಆ ಅಂಗಡಿ ಸಿಗಲಿ ಅಂತ, ಚಪ್ಪಲಿ ಅಂಗಡಿಯವರಿಗೆ ಸಿಗದೆ ಇರಲಿ ಅಂತ ಪ್ರಾರ್ಥಿಸೋಣ.”

“ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ.”

ಇಡೀ ಸಭೆ ಹೇಳಿ ಮುಗಿಸಿತ್ತು. ಬಾಯಿ ಮೊದಲು, ಕಿವಿ ಆಮೇಲೆ. ಹೇಳಿದ್ದೇನೆಂದು ಹೊಳೆದು ಜನ ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಅವಳು ಎರಡನೆಯದನ್ನೂ ಹೇಳಿದಳು.

“ಆ ಹುಡುಗಿ ಮಠ ಸೇರಲ್ಲ ಅಂತ ಹೇಳಿದಾಗ, ಅದು ವಿನಯ ಅಲ್ಲ, ಬರೀ ಉತ್ತರ ಅಂತ ಕೆಲವರಿಗೆ ಅರ್ಥವಾಗಲಿ ಅಂತ ಪ್ರಾರ್ಥಿಸೋಣ.”

ಈ ಸಲ ಅರ್ಧ ಜನ ತಡೆದುಕೊಂಡರು. ಇನ್ನರ್ಧಕ್ಕೆ ರೂಢಿ ಬಿಡಲಿಲ್ಲ. ಪೀಠದ ಬಳಿ ಫಾದರ್ ಪುಸ್ತಕದ ಹಾಳೆಯಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ಹುಡುಕುತ್ತಿದ್ದರು.

ಸೋಮವಾರ ಬೆಳಿಗ್ಗೆಯೇ ಮಾವ ಕೋಲೂರಿಕೊಂಡು ಬಂದ. ಕೂರಲಿಲ್ಲ.

“ದೇವರ ಮುಂದೆ ನನ್ನ ಮಾನ ತೆಗೆದೆಯಲ್ಲೇ.”

“ನೀವೂ ಹೇಳಿದ್ರಲ್ಲ ಮಾವ, ಆಲಿಸಿರಿ ಅಂತ. ನನಗೆ ಕೇಳಿಸ್ತು.”

“ಅದು ಬಾಯಿರೂಢಿ.”

“ಅದಕ್ಕಿಂತ ಮುಂಚೆ ನನ್ನನ್ನ ಮಠಕ್ಕೆ ಕಳಿಸಿದ್ದು?”

ಮಾವ ಕೋಲಿನ ತುದಿ ನೋಡಿದ. “ನಿಮ್ಮಮ್ಮನ್ನ ಕೇಳಿದೆ. ಟೀಚರಮ್ಮನ್ನ ಕೇಳಿದೆ. ಎಲ್ಲರೂ ಹೌದು ಅಂದ್ರು. ನಿನಗೇನೂ ಬೇಡ ಅಂತ ಊರಿಗೇ ಗೊತ್ತು ಕಣಮ್ಮ. ಬೇಕು ಅಂತ ಒಂದು ದಿನ ನೀನು ಬಾಯಿಬಿಟ್ಟಿದ್ದೀಯಾ?”

“ನೀವು ಕೇಳಿದ್ರಾ? ದಿನಾ ಇದೇ ಕುರ್ಚಿಯಲ್ಲಿ ಕೂತು ಮಳೆ ಬರುತ್ತಾ ಅಂತ ಕೇಳಿದ್ರಿ. ದರ್ಜಿಯ ಹೆಂಡತಿಗೆ ಕೆಮ್ಮು ವಾಸಿಯಾಯ್ತಾ ಅಂತ ಕೇಳಿದ್ರಿ. ಎರಡು ಹೆಜ್ಜೆ ದೂರದಲ್ಲಿ ನಾನಿದ್ದೆ.” ಅವಳ ದನಿ ನಡುಗುತ್ತಿತ್ತು, ಅಳುವಿನಿಂದ ಎಂದುಕೊಂಡವರು ಮೋಸ ಹೋಗುತ್ತಿದ್ದರು. “ಕಡಿಮೆಯಲ್ಲಿ ಬದುಕೋದು ನನಗಿಷ್ಟ. ಅದಕ್ಕೇ ನನ್ನ ಪಾಲಿಗೆ ಕಡಿಮೆ ಹಾಕಿದ್ರೆ ಸಾಕು ಅಂತ ತೀರ್ಮಾನ ಮಾಡಿದ್ರಾ?”

ಮಾವನಿಗೆ ಹವಾಮಾನದ ಮಾತೂ ನೆನಪಾಗಲಿಲ್ಲ. ಕೋಲನ್ನು ಕುರ್ಚಿಗೆ ಒರಗಿಸಿ, “ಬೇಕಾ ನಿನಗೆ?” ಎಂದ.

“ಬೇಕು.”

“ನಾಳೆ ಮದುವೆ ಗಿದುವೆ ಆದ್ರೆ?”

“ಅಂಗಡಿಗೆ ಹತ್ತಿರ ಇರೋನನ್ನೇ ನೋಡ್ಕೋತೀನಿ. ಚಪ್ಪಲಿಯವರನ್ನ ಬಿಟ್ಟು.”

ಅಷ್ಟರಲ್ಲಿ ಚಪ್ಪಲಿಯವನೇ ಬಾಗಿಲಿಗೆ ಬಂದ, ಹಿಂದೆ ಸುತ್ತಿಗೆ ಹಿಡಿದ ಗಾರೆ ಕೆಲಸದವನು. ಪ್ರಾರ್ಥನೆಯ ವಿಷಯ ಅವನ ಕಿವಿಗೂ ಬಿದ್ದಿರಬೇಕು; ಅದು ದೇವರ ತನಕ ಮುಟ್ಟುವ ಮೊದಲು ಗೋಡೆ ಬಿದ್ದರೆ ಒಳ್ಳೆಯದೆಂಬ ಅವಸರದಲ್ಲಿದ್ದ.

“ಇವತ್ತು ಬೇಡಪ್ಪ,” ಎಂದ ಮಾವ.

“ನಾಳೆ ಬರ್ಲಾ?”

ಮಾವ ಸೋದರಸೊಸೆಯ ಕಡೆ ತಿರುಗಿದ. ಅವಳು ಸಹಾಯಕ್ಕೆ ಬರಲಿಲ್ಲ. ಕೈಕಟ್ಟಿ ನಿಂತು, ಆ ಮಾತು ಅವನ ಬಾಯಿಂದಲೇ ಬರಲೆಂದು ಕಾದಳು.

“ನಾಳೆಯೂ ಬೇಡ. ಅಂಗಡಿ ಅವಳದು.”

“ಮಾತು ಕೊಟ್ಟಿದ್ರಿ ಯಜಮಾನರೇ.”

“ಕೊಟ್ಟಿದ್ದೆ. ಅವಳನ್ನ ಕೇಳದೆ ಕೊಟ್ಟಿದ್ದೆ. ಬೈಯೋದಿದ್ರೆ ನನ್ನ ಬೈ.”

ಚಪ್ಪಲಿಯವನು ಬೈದ, ಸಾಕಷ್ಟು ಚೆನ್ನಾಗಿಯೇ. ಮಾವ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡ. ಎಲ್ಲ ಮುಗಿದ ಮೇಲೆ, ಈಗಲಾದರೂ ಹುಡುಗಿಯ ಮುಖ ಸಡಿಲವಾಗಿದೆಯೇ ಎಂದು ಮೆಲ್ಲಗೆ ಕಣ್ಣೆತ್ತಿ ನೋಡಿದ. ಆಗಿರಲಿಲ್ಲ. ಥ್ಯಾಂಕ್ಸ್ ಎಂಬ ಮಾತು ಅಲ್ಲಿ ಯಾರಿಗೂ ಸಿಗುವ ಲಕ್ಷಣ ಕಾಣಲಿಲ್ಲ.

ಗಾರೆ ಕೆಲಸದವನು ಮಾತ್ರ ಇನ್ನೂ ಬಾಗಿಲಲ್ಲೇ ನಿಂತಿದ್ದ. “ಹಾಗಾದ್ರೆ ಅಕ್ಕ, ನಾನು ಹೊರಡ್ಲಾ?” ಎಂದು ಅವಳನ್ನೇ ಕೇಳಿದ.

“ಹೊರಡಿ,” ಎಂದಳು.