ಕರಿಬೇವಿಗೆ ಕಾಸು ಕೊಡೆನು

ನನಗೊಂದು ಹಟವಿದೆ. ದೊಡ್ಡದೇನಲ್ಲ, ಒಂದು ಎಸಳು ಕರಿಬೇವಿನಷ್ಟು. ನಾನು ಕರಿಬೇವಿಗೆ ದುಡ್ಡು ಕೊಡುವುದಿಲ್ಲ. ತೆಂಗಿನಕಾಯಿಗೆ ಕೊಡುತ್ತೇನೆ, ಈಚೆಗೆ ಅದನ್ನು ಒಡೆಯುವಾಗ ಒಂದು ಹನಿ ನೀರೂ ಚೆಲ್ಲದಂತೆ ಬಟ್ಟಲು ಹಿಡಿದು. ಕಾಫಿಪುಡಿಗೆ ಕೊಡುತ್ತೇನೆ, ಡಬ್ಬಿಯ ಮುಚ್ಚಳ ಸಡಿಲ ಬಿಟ್ಟವರು ಯಾರು ಎಂದು ಮನೆಯವರನ್ನೆಲ್ಲ ಗದರಿಸುತ್ತಾ. ಕುಡಿಯುವ ನೀರಿಗೂ ಕೊಡುತ್ತೇನೆ, ಏಕೆಂದರೆ ಚೆನ್ನೈನಲ್ಲಿ ನೀರಿನ ಕ್ಯಾನು ಹೊತ್ತು ತರುವವನ ಎದುರು ಯಾರ ಹಟವೂ ನಡೆಯುವುದಿಲ್ಲ. ಕರಿಬೇವಿಗೆ ಮಾತ್ರ ಸುತರಾಂ ಇಲ್ಲ. ಈ ಸೊಪ್ಪಿನ ವಿಷಯದಲ್ಲಿ ನಾನು ಯಾರಿಗೂ ಸೊಪ್ಪು ಹಾಕುವವಳಲ್ಲ.

ಜಿಪುಣಿ ಎಂದು ನೀವು ಮೂಗು ಮುರಿಯಬಹುದು. ಮುರಿಯಿರಿ. ಆದರೆ ಒಂದು ಮಾತು. ಕರಿಬೇವು ಕೊಳ್ಳುವ ವಸ್ತುವಲ್ಲ, ಕೇಳುವ ವಸ್ತು. ಬದನೆಕಾಯಿ ಕೊಳ್ಳಬೇಕು, ಬೆಂಡೆಕಾಯಿ ಕೊಳ್ಳಬೇಕು, ಆಮೇಲೆ ಚೀಲದ ಬಾಯಿ ಅಗಲಿಸಿ ಹಿಡಿದು ಕರಿಬೇವು ಕೇಳಬೇಕು. ಅದರ ಹೆಸರು ಕೊಸರು. ಕನ್ನಡದಲ್ಲಿ ಇದೊಂದು ಮೋಜಿನ ಪದ. ಕೊಸರು ಎಂದರೆ ಮಾರುವವರು ತೂಕ ಮುಗಿದ ಮೇಲೆ ಹಾಕುವ ಚೂರುಪಾರು. ಕೊಸರಾಡುವುದು ಎಂದರೆ ಕೊಡಲು ಮನಸ್ಸಿಲ್ಲದೆ ಎಳೆದಾಡುವುದು. ಕೊಸರಿಕೊಳ್ಳುವುದು ಎಂದರೆ ಹಿಡಿದ ಕೈ ಬಿಡಿಸಿಕೊಂಡು ಓಡುವುದು. ಕೊಡುವುದು, ಕೊಡದಿರುವುದು, ತಪ್ಪಿಸಿಕೊಳ್ಳುವುದು, ಎಲ್ಲವನ್ನೂ ಒಂದೇ ಪದದ ಸುತ್ತ ಕಟ್ಟಿಹಾಕಿದ ನಮ್ಮ ಹಿರಿಯರು ಸಂತೆಯಲ್ಲಿ ಚೆನ್ನಾಗಿ ಪಳಗಿದವರೇ ಇರಬೇಕು. ಇವಕ್ಕೆಲ್ಲ ಪರಸ್ಪರ ನಂಟಿಲ್ಲ ಎಂದು ಭಾಷಾಶಾಸ್ತ್ರ ಬಲ್ಲವರು ಹೇಳಿದರೆ ಹೇಳಲಿ, ಅವರು ಎಂದೂ ತರಕಾರಿ ತಂದವರಲ್ಲ.

ನಾನು ಮೈಸೂರಿನವಳು. ಮದುವೆಯಾಗಿ ಬಂದದ್ದು ತಿರುವಲ್ಲಿಕ್ಕೇಣಿಯ ಮಾಧ್ವರ ಮನೆಗೆ. ನಮ್ಮ ಅತ್ತೆಯವರ ಕುಟುಂಬ ತಲೆಮಾರುಗಳಿಂದ ಮದರಾಸಿನದೇ. ಮನೆಮಾತು ಕನ್ನಡ, ಅದಕ್ಕೆ ಒಗ್ಗರಣೆ ಪೂರ್ತಿ ತಮಿಳಿನದು. ಬಂದ ಹೊಸದರಲ್ಲಿ ನಾನೇ ಒಂದು ಸಿದ್ಧಾಂತ ಕಂಡುಹಿಡಿದಿದ್ದೆ. ನಮ್ಮ ಕಾಲು ಅವರಿಗೆ ಕಾಲ್, ನಮ್ಮ ಹಾಲು ಅವರಿಗೆ ಪಾಲ್, ನಮ್ಮ ಬೆರಳು ಅವರಿಗೆ ವಿರಲ್. ಅಂದಮೇಲೆ ಕನ್ನಡ ಪದದ ಬಾಲ ಕತ್ತರಿಸಿದರೆ ತಮಿಳು ಸಿದ್ಧ! ಈ ವಿದ್ವತ್ತನ್ನು ಬೆನ್ನಿಗೆ ಕಟ್ಟಿಕೊಂಡು ಒಂದು ಬೆಳಗ್ಗೆ ಬೀದಿಯ ತರಕಾರಿಯವಳ ಮುಂದೆ ಕೂತು, ಕೊಸರಿನ ಬಾಲ ತುಸು ಜಾಸ್ತಿಯೇ ಕತ್ತರಿಸಿ, ಗಟ್ಟಿಯಾಗಿ "ಕೊಸು ಕುಡುಂಗೊ" ಎಂದೆ.

ತಮಿಳಿನಲ್ಲಿ ಕೊಸು ಎಂದರೆ ಸೊಳ್ಳೆ.

ತರಕಾರಿಯವಳು ತಕ್ಕಡಿ ಕೆಳಗಿಟ್ಟು ನಕ್ಕಳು. ಪಕ್ಕದ ಹೂವಿನವಳೂ ನಕ್ಕಳು. ಒಳಗಿನಿಂದ ಬಂದ ಅತ್ತೆ ಸಂಗತಿ ತಿಳಿದು ಕಂಬ ಹಿಡಿದುಕೊಂಡು ನಕ್ಕರು. "ಕೊಸುರು ಅಂತ ಕೇಳ್ಬೇಕು ಮಾ. ಕೊಸು ಬೇಕಂದ್ರೆ ನೀನ್ ಕೇಳೋದೇ ವೇಂಡಾಂ, ಸಾಯಂಕಾಲ ಬಾಗ್ಲು ತೆಗ್ದಿಟ್ರೆ ಸಾಕು" ಎಂದರು. ಎರಡು ಭಾಷೆಗಳೂ ಹೆಚ್ಚುಕಡಿಮೆ ಇಡಿಯಾಗಿ, ಬಾಲ ಸಮೇತ ಇಟ್ಟುಕೊಂಡಿದ್ದ ಒಂದೇ ಪದವನ್ನು ನಾನು ಹುಡುಕಿ ಕತ್ತರಿಸಿದ್ದೆ. ಈಗ ಯೋಚಿಸಿದರೆ, ಈ ಊರಿನಲ್ಲಿ ಅಂದಿನಿಂದ ಬೆಲೆ ಏರದೆ ಉಳಿದಿರುವುದು ಆ ಕೊಸು ಒಂದೇ. ಅದನ್ನು ಓಡಿಸುವ ಬತ್ತಿಯ ಬೆಲೆ ಮಾತ್ರ ಕೇಳಬೇಡಿ.

ನನ್ನ ಹೆಸರಿನ ಪಾಡೂ ಅಂಥದ್ದೇ. ತಂದೆತಾಯಿ ಹೂವೆಂದು ತಿಳಿದು ಸುಮಾ ಎಂದು ಕರೆದರು. ಈ ಊರಿನ ನಾಲಿಗೆಯಲ್ಲಿ ಅದು ಆಗಾಗ ಸುಮ್ಮಾ ಆಗಿಬಿಡುತ್ತದೆ. ಸುಮ್ಮಾ ಎಂದರೆ ಸುಮ್ಮನೆ, ಪುಕ್ಕಟೆ, ಕಾರಣವಿಲ್ಲದೆ. ಅತ್ತೆಗೆ ತುಂಬ ಪ್ರಿಯವಾದ ಪದ ಅದು. ಆಗೆಲ್ಲ ಹೋಟೆಲಿಗೆ ಹೋದರೆ ಸಾಂಬಾರಿನ ಬಕೆಟ್ ಹಿಡಿದವನು ನಮ್ಮ ಬೆನ್ನ ಹಿಂದೆಯೇ ನಿಂತಿರುತ್ತಿದ್ದ. ಅವನು ಸೌಟು ಎತ್ತಿ ಅನುಮಾನಿಸಿದರೆ ಅತ್ತೆ "ಸುಮ್ಮಾ ಊತ್ತುಪ್ಪಾ" ಎನ್ನುತ್ತಿದ್ದರು, ಅಂದರೆ ಲೆಕ್ಕ ನೋಡದೆ ಸುರಿಯಪ್ಪ ಎಂದು. ಅವನೂ ಇಡ್ಲಿ ಕಾಣದಂತೆ ಸುರಿಯುತ್ತಿದ್ದ. ಈಗ ಎರಡನೆಯ ಬಟ್ಟಲಿಗೆ ಬಿಲ್ಲಿನಲ್ಲಿ ಬೇರೆ ಸಾಲು. ಹೂವಿನವರಾದರೂ ಸಂಕೋಚದ ಜನ, ಬೆಲೆ ಏರಿಸಲು ನಾಚಿ ಮೊಳವನ್ನೇ ಗಿಡ್ಡ ಮಾಡಿದ್ದಾರೆ. ಮೊಣಕೈಯಿಂದ ಬೆರಳ ತುದಿಯವರೆಗೆ ಇರುತ್ತಿದ್ದ ಮಲ್ಲಿಗೆ ಮೊಳ ಈಗ ಮಣಿಕಟ್ಟು ದಾಟುವುದರೊಳಗೆ ಮುಗಿದಿರುತ್ತದೆ.

ನಮ್ಮನೆಯವರ ಆಫೀಸು ಊರಂಚಿನ ಶೋಳಿಂಗನಲ್ಲೂರಿಗೆ ಬಂದಾಗ ನಾವೂ ಅಲ್ಲಿನ ಒಂದು ಅಪಾರ್ಟ್‌ಮೆಂಟಿಗೆ ಬಂದೆವು, ಅತ್ತೆಯನ್ನೂ ಕರೆತಂದೆವು. ಲಿಫ್ಟಿಗೆ ಅವರು ಹೊಂದಿಕೊಂಡರು, ಕಿಟಕಿಯಾಚೆಯ ಗಾಜಿನ ಕಟ್ಟಡಗಳಿಗೂ ಹೊಂದಿಕೊಂಡರು. ಸಮಾಧಾನಕ್ಕೆ ಗೇಟಿನ ಹೊರಗೆ ಧನಂ ಇದ್ದಳು. ಹೆಸರು ಧನಂ, ಕೆಲಸ ತಳ್ಳುಗಾಡಿಯಲ್ಲಿ ತರಕಾರಿ ಮಾರುವುದು. ಕೋಯಂಬೇಡು ಮಾರ್ಕೆಟಿನಿಂದ ಬರುವ ಮಿನಿ ಲಾರಿಯಿಂದ ಸರಕು ಇಳಿಸಿಕೊಂಡು ಬೆಳಗ್ಗೆಯೇ ಬರುತ್ತಾಳೆ. ಅವಳಿಂದ ಕೊಸರು ಪಡೆಯುವುದಕ್ಕೆ ಒಂದು ಕ್ರಮವಿದೆ. ನಾನು ಕೇಳಬೇಕು. ಅವಳು "ಮುಡಿಯಾದು, ಪೋ" ಎನ್ನಬೇಕು, ಆಗಲ್ಲ ಹೋಗು ಎಂದು. ನಾನು ಮುಖ ಊದಿಸಿಕೊಂಡು ಹೊರಟ ಹಾಗೆ ಮಾಡಬೇಕು. ಅವಳು ಕೂಗಿ ಕರೆದು, ಬೈಯುತ್ತಲೇ ಒಂದು ಹಿಡಿ ಕರಿಬೇವು ಚೀಲಕ್ಕೆ ತುರುಕಬೇಕು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಇಬ್ಬರಿಗೂ ಆ ದಿನ ಏನೋ ಕಳೆದುಕೊಂಡ ಹಾಗೆ ಇರುತ್ತಿತ್ತು.

ನಮ್ಮನೆಯವರು ಲೆಕ್ಕಪರಿಶೋಧಕರು. ಅವರಿಗೆ ಇದೆಲ್ಲ ತಮಾಷೆ. "ಕೊಸರು ಅಂತ ಪ್ರಪಂಚದಲ್ಲಿ ಏನೂ ಇಲ್ಲ ಕಣೆ. ಕರಿಬೇವಿನ ಕಾಸು ಟೊಮೆಟೊದಲ್ಲೇ ಸೇರಿರುತ್ತೆ" ಎನ್ನುತ್ತಾರೆ. ಮದುವೆಯಾದಂದಿನಿಂದ ಇಂಥ ಸತ್ಯಗಳನ್ನು ಅವರು ನನಗೆ ಪುಕ್ಕಟೆಯಾಗಿಯೇ ಕೊಡುತ್ತಾ ಬಂದಿದ್ದಾರೆ.

ಹೀಗಿರುವಾಗ ಒಂದು ದಿನ ಧನಂ ಗಾಡಿಯ ಮೇಲೆ ಕರಿಬೇವು ಬೇರೆಯೇ ವೇಷದಲ್ಲಿ ಕಾಣಿಸಿಕೊಂಡಿತು. ಪುಟ್ಟ ಪುಟ್ಟ ಕಟ್ಟುಗಳು, ಪ್ರತಿಯೊಂದಕ್ಕೂ ರಬ್ಬರ್ ಬ್ಯಾಂಡಿನ ನಡುಪಟ್ಟಿ, ಬೆಲೆ ಕೇಳಿದರೆ ಎದೆ ಧಸಕ್ ಎನ್ನಬೇಕು. ನಾನು ಎಂದಿನಂತೆ ಚೀಲ ಅಗಲಿಸಿದೆ. ಅವಳು ಬೈಯಲಿಲ್ಲ, "ಪೋ" ಎನ್ನಲಿಲ್ಲ. ಮುಖ ಬೇರೆ ಕಡೆ ಮಾಡಿ "ಇನಿಮೇ ಕೊಸುರು ಇಲ್ಲೆಕ್ಕಾ" ಎಂದಳು, ಇನ್ನುಮುಂದೆ ಇಲ್ಲ ಎಂದು. ಮಳೆಗೆ ಸೊಪ್ಪೆಲ್ಲ ಹಾಳಂತೆ, ಮಾರ್ಕೆಟಿನಲ್ಲಿ ಅದನ್ನೂ ಚಿನ್ನದ ಹಾಗೆ ತೂಗಿ ಕೊಡುತ್ತಾರಂತೆ. ಅವಳು ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ. ಹಾಗೆ ಮೆತ್ತಗೆ ಹೇಳಿದ್ದರಿಂದ ಚೀಲದ ಬಾಯಿ ಮುಚ್ಚಿಕೊಂಡು ಕರಿಬೇವಿಲ್ಲದೆ ಬಂದೆ. ಹಟವನ್ನು ಮಾತ್ರ ಬಿಡಲಿಲ್ಲ. ಒಗ್ಗರಣೆ ಬೋಳಾಯಿತು.

ಅದೇ ಹೊತ್ತಿಗೆ ಅತ್ತೆಗೆ ಜ್ವರ ಬಂತು. ಜ್ವರವೇನೋ ಇಳಿಯಿತು, ಹೋಗುವಾಗ ಅವರ ನಾಲಿಗೆಯ ರುಚಿಯನ್ನೂ ಎತ್ತಿಕೊಂಡು ಹೋಯಿತು. ಏನು ಕೊಟ್ಟರೂ ತಟ್ಟೆ ತಳ್ಳುತ್ತಾರೆ. ಕೆನ್ನೆ ಒಳಗೆ ಹೋಯಿತು, ಬಳೆ ಮೊಣಕೈಯವರೆಗೆ ಜಾರತೊಡಗಿತು. ಹೇಗಾದರೂ ಮಾಡಿ ಊಟ ಮಾಡಿಸಿ, ಇಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ ಎಂದು ಡಾಕ್ಟರು ಹೇಳಿದರು. ನನಗೆ ನಿಜವಾಗಿ ಭಯವಾಯಿತು. ಏನು ಬೇಕು ಹೇಳಿ ಎಂದು ಬೇಡಿಕೊಂಡಾಗ ಅತ್ತೆ ಕೇಳಿದ್ದು ಒಂದೇ, ಕರಿಬೇವು ಘಮಘಮ ಎನ್ನುವ ಮೆಣಸಿನ ಸಾರು.

ನೋಡಿ, ನನ್ನ ಹಟಕ್ಕೆ ಎಂಥ ಹೊತ್ತಿನಲ್ಲಿ ಪರೀಕ್ಷೆ! ಸೋತೆ ಎನ್ನುವುದರೊಳಗೆ ಮಗಳು ಫೋನಿನಿಂದ ತಲೆಯೆತ್ತದೆ "ಅಮ್ಮಾ, ಪತ್ತು ನಿಮಿಷತ್ತಿಲೆ ವಂದುಡುಂ" ಎಂದು ಆರ್ಡರ್ ಹಾಕಿಬಿಟ್ಟಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ತಮಿಳಿನಲ್ಲಿ. ಹೇಳಿದಂತೆ ಹತ್ತೇ ನಿಮಿಷಕ್ಕೆ ಬಂತು. ಬೆವರದ, ಬಾಡದ, ಧೂಳಿಲ್ಲದ ಎಲೆಗಳು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮದುಮಗಳ ಹಾಗೆ ಕೂತಿದ್ದವು, ಮುಚ್ಚಳದ ಮೇಲೆ ಬೆಲೆಯ ಚೀಟಿ. ಸಾರು ಮಾಡಿದೆ. ಅತ್ತೆ ಗೋಡೆ ಹಿಡಿದು ಅಡುಗೆಮನೆಯವರೆಗೆ ನಡೆದು ಬಂದರು, ಘಮ ಎಳೆದುಕೊಂಡರು, ಕಣ್ಣರಳಿಸಿದರು. ಆಮೇಲೆ ಕಟ್ಟೆಯ ಮೇಲಿದ್ದ ಪೆಟ್ಟಿಗೆ ಕಂಡಿತು.

"ಏನ್ ಮಾ ಇದು? ಕರ್ವೇಪಿಲೆಗೆ ಕಾಸು ಕೊಟ್ಟಿಯಾ?"

"ಒಂದ್ಸಲ ತಾನೆ ಅತ್ತೆ..."

"ಅಸಿಂಗಂ! ನಾಚಿಕೆಗೇಡು! ಇವತ್ತು ಇದಕ್ಕೆ ಕೊಟ್ರೆ, ನಾಳೆ ‘ವಾಂಗೊ’ ಅಂತ ಒಳಗೆ ಕರ್ದದ್ದಕ್ಕೂ ಬಿಲ್ ಕೊಡ್ತಾರೆ. ನಂಗೆ ವೇಂಡಾಂ."

ಹೋಗಿ ಮಲಗಿಬಿಟ್ಟರು. ಜಪ್ಪಯ್ಯ ಎಂದರೂ ಏಳಲಿಲ್ಲ. ನಾನು ಇಷ್ಟು ದಿನ ನನ್ನದೆಂದು ಮೆರೆಸುತ್ತಿದ್ದ ಹಟ ನನ್ನದಲ್ಲವೇ ಅಲ್ಲ, ತಿರುವಲ್ಲಿಕ್ಕೇಣಿಯಿಂದ ಬಂದ ಬಳುವಳಿ ಎಂದು ಅಂದು ತಿಳಿಯಿತು. ಕೋಪ ಬಂತು. ಅತ್ತೆಯ ಮೇಲಲ್ಲ, ಆ ಪೆಟ್ಟಿಗೆಯ ಮೇಲೆ. ಕೇಳುವ ಮೊದಲೇ ಕೊಡುವ, ಕೊಟ್ಟದ್ದಕ್ಕೆಲ್ಲ ಎಣಿಸುವ, ಬೈಯಲು ಬಾಯಿಯೇ ಇಲ್ಲದ ಆ ವ್ಯಾಪಾರದ ಮೇಲೆ. ಇದಕ್ಕೆ ಮಾತ್ರ ಬಗ್ಗುವುದಿಲ್ಲ ಎಂದುಕೊಂಡೆ. ಆಗ ನೆನಪಾದದ್ದು ಗಂಡ ಪುಕ್ಕಟೆಯಾಗಿ ಕೊಟ್ಟ ಆ ಸತ್ಯ.

ಮರುದಿನ ಬೆಳಗ್ಗೆ ಬಟ್ಟೆಯ ಚೀಲ ಹಿಡಿದು ಧನಂ ಮುಂದೆ ನಿಂತೆ. ಟೊಮೆಟೊ ಎಷ್ಟು ಎಂದೆ. ಹೇಳಿದಳು. ಕಡಿಮೆಯಾಯಿತು, ಜಾಸ್ತಿ ಮಾಡು ಎಂದೆ. ನನ್ನ ತಮಿಳು ಮತ್ತೆ ಎಡವಿದೆ ಎಂದು ತಿಳಿದು ಅವಳು ಇನ್ನೊಮ್ಮೆ ಬೆಲೆ ಹೇಳಿದಳು. ನಾನೂ ಇನ್ನೊಮ್ಮೆ, ಬಿಡಿಸಿ ಬಿಡಿಸಿ, ಇಷ್ಟು ಸಾಲದು ಎಂದೆ. ಪಕ್ಕದಲ್ಲಿ ಬೆಂಡೆಕಾಯಿ ತುದಿ ಮುರಿದು ನೋಡುತ್ತಿದ್ದ ಎದುರು ಫ್ಲ್ಯಾಟಿನ ಹೆಂಗಸು ನನ್ನನ್ನು ಕೊಲ್ಲುವ ಹಾಗೆ ನೋಡಿದರು. ಧನಂ ನನ್ನ ಹಣೆ ಮುಟ್ಟಿ "ಉಡಂಬು ಸರಿಯಿಲ್ಲೆಯಾ ಅಕ್ಕಾ?" ಎಂದಳು, ಮೈ ಹುಷಾರಿಲ್ಲವಾ ಎಂದು.

ಹೇಳಿದೆ. ನಮ್ಮ ಅತ್ತೆ ಊಟ ಬಿಟ್ಟಿದ್ದಾರೆ, ಕೊಸರಿನ ಕರಿಬೇವಾದರೆ ಮಾತ್ರ ತಿನ್ನುತ್ತಾರೆ. ಟೊಮೆಟೊಗೆ ನಿನಗೆ ನಷ್ಟವಾಗದಷ್ಟು ತಗೋ, ಬದನೆಕಾಯಿಗೂ ತಗೋ. ಕರಿಬೇವಿಗೆ ಮಾತ್ರ ಕಾಸು ಕೇಳಬೇಡ, ಸುಳ್ಳು ಹೇಳಿ ಅವರ ಬಾಯಿಗೆ ಹಾಕಲು ನನ್ನಿಂದಾಗದು.

ಧನಂ ಟೊಮೆಟೊ ತೂಗಿ ಚೀಲಕ್ಕೆ ಹಾಕಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಡೀ ಬೀದಿಗೆ ಕೇಳುವಂತೆ, "ಕೊಸುರಾ? ಮುಡಿಯಾದು! ಪೋ!" ಎಂದಳು. ಅಬ್ಬ, ಆ ಬೈಗುಳ ಕಿವಿಗೆ ಎಷ್ಟು ಹಿತವಾಗಿತ್ತು! ನಾನು ಮುಖ ಊದಿಸಿಕೊಂಡು ಗೇಟಿನತ್ತ ಹೊರಟೆ. "ಏಯ್ ಅಕ್ಕಾ, ವಾ ಇಂಗೆ!" ಎಂಬ ಕೂಗು ಬಂತು. ಅವಳು ಎರಡು ಕಟ್ಟುಗಳ ರಬ್ಬರ್ ಬ್ಯಾಂಡ್ ಕಿತ್ತೆಸೆದು, ಹರಡಿದ ಸೊಪ್ಪನ್ನು ಬೈಯುತ್ತಲೇ ಚೀಲಕ್ಕೆ ತುರುಕಿದಳು. ಟೊಮೆಟೊಗೆ ಹೇಳಿದ್ದಕ್ಕಿಂತ ಹೆಚ್ಚು ತೆಗೆದುಕೊಂಡಳು, ನಾನು ಚೌಕಾಸಿ ಮಾಡಲಿಲ್ಲ. ಇಬ್ಬರ ಮರ್ಯಾದೆಯೂ ಉಳಿಯಿತು.

ಅತ್ತೆ ಚೀಲದೊಳಗೆ ಮೂಗಿಟ್ಟರು.

"ಕಾಸು ಕೊಟ್ಟಿಯಾ?"

"ಕರಿಬೇವಿಗಾ? ಒಂದು ಕಾಸೂ ಇಲ್ಲ."

"ಅವ್ಳು ಏನಂದ್ಲು?"

"ಮೊದಲು ಮುಡಿಯಾದು ಅಂದ್ಲು. ನಾನು ಹೊರಟ ಹಾಗೆ ಮಾಡ್ದೆ. ಕರ್ದು, ಬೈದು, ತುರುಕಿದ್ಲು."

"ಬೈದ್ಲಾ?" ಎಂದರು, ಇದೇ ಮುಖ್ಯ ಸಾಕ್ಷಿ ಎಂಬಂತೆ. "ಹಾಗಾದ್ರೆ ಸರಿ."

ಅನ್ನ ಕಲಸಿ ತಿಂದರು. ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಎಲ್ಲರೂ ತಟ್ಟೆಯಂಚಿಗೆ ಎತ್ತಿಡುವ ಆ ಎಲೆಗಳನ್ನೂ ಬಿಡದೆ ಅಗಿದರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡು ಮೆಣಸಿನ ಘಾಟು ಎಂದೆ. ಸಂಜೆ ನಮ್ಮನೆಯವರು ಟೊಮೆಟೊದ ಬೆಲೆ ಕೇಳಿ, ಹುಬ್ಬೇರಿಸಿ, "ನಾನು ಹೇಳಿದ್ದೂ ಇದನ್ನೇ ಅಲ್ವಾ? ಎರಡೂ ಒಂದೇ ದುಡ್ಡು" ಎಂದರು. ದುಡ್ಡು ಒಂದೇ ಇರಬಹುದು ಸ್ವಾಮಿ, ಹಿಡಿ ಒಂದೇ ಅಲ್ಲ. ಬೆಲೆ ಕೊಟ್ಟು ತಂದದ್ದನ್ನು ನಿಮ್ಮಮ್ಮ ಮುಟ್ಟಲಿಲ್ಲ, ಬೈಸಿಕೊಂಡು ತಂದದ್ದನ್ನು ತಿಂದರು. ಇದನ್ನು ಯಾವ ಕಾಲಮಿನಲ್ಲಿ ಬರೆಯುತ್ತೀರೋ ಬರೆದುಕೊಳ್ಳಿ ಎಂದೆ.

ಆ ವಾರವೇ ಧನಂ ಗಾಡಿಯನ್ನು ಗೇಟಿನ ಬಳಿ ನಿಲ್ಲಿಸಿ ಅತ್ತೆಯನ್ನು ನೋಡಲು ಮೇಲೆ ಬಂದಳು. ಕೂರಿಸಿ ಕಾಫಿ ಕೊಟ್ಟೆ. ಕಾಫಿಪುಡಿಯ ಇಂದಿನ ಬೆಲೆ ನಿಮಗೂ ಗೊತ್ತು. ಲೋಟ ಚಿಕ್ಕದೇ ಆರಿಸಿದ್ದೆ, ಅದನ್ನೂ ಕಂಠಕ್ಕಿಂತ ಸಾಕಷ್ಟು ಕೆಳಗೇ ನಿಲ್ಲಿಸಿದ್ದೆ. ಧನಂ ಒಂದೇ ಗುಟುಕಿಗೆ ಮುಗಿಸಿ, ಲೋಟವನ್ನು ನನ್ನ ಮುಂದೆ ಚಾಚಿ, "ಅಕ್ಕಾ, ಕೊಸುರು?" ಎಂದಳು.

ನಾನೂ ಬಿಡುತ್ತೇನೆಯೇ? ಸೊಂಟಕ್ಕೆ ಸೆರಗು ಸಿಕ್ಕಿಸಿ "ಮುಡಿಯಾದು, ಪೋ!" ಎಂದೆ. ಅವಳು ಮುಖ ಊದಿಸಿಕೊಂಡು ಎದ್ದು ಬಾಗಿಲವರೆಗೆ ಹೋದಳು. ಅಷ್ಟರಲ್ಲಿ ಕುರ್ಚಿಯಲ್ಲಿ ಕೂತಿದ್ದ ಅತ್ತೆಗೆ ತಡೆಯಲಾಗಲಿಲ್ಲ.

"ಏ ಸುಮಾ! ಸುಮ್ಮಾ ಊತ್ತು ಮಾ!"

ಸುರಿದೆ, ಲೋಟ ತುಂಬಿ ಕೆಳಗಿನ ಬಟ್ಟಲಿಗೆ ಹರಿಯುವವರೆಗೂ. ಇಷ್ಟು ವರ್ಷ ಈ ಊರಿನಲ್ಲಿದ್ದು, ನನ್ನ ಹೆಸರನ್ನು ಎರಡು ಭಾಷೆಯಲ್ಲೂ ಸರಿಯಾಗಿ ಕರೆದದ್ದು ಅದೇ ಮೊದಲು.